ನಿಮಗಿದು ಗೊತ್ತೇ? ಕಿಡ್ನಿ ಕೈಕೊಟ್ಟ ಮಗುವಿನ ಮನೆಯ ಸಂಗತಿಗಳು

ಕಿಡ್ನಿ ಕಾಯಿಲೆ ಅಂದರೆ ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಐವತ್ತು ದಾಟಿದವರದು ಎಂದೇ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಎರಡು ವರ್ಷದ ಕೂಸಿಗೂ ಅದು ಬರುತ್ತದೆ. ಕೆಲವು ಮಕ್ಕಳು ಅದನ್ನು ಹೊತ್ತೇ ಹುಟ್ಟುತ್ತವೆ. ವೈದ್ಯರು ಮಗುವನ್ನು ನೋಡುವುದು ಸ್ವಲ್ಪ ಹೊತ್ತು. ಉಳಿದ ಚಿಕಿತ್ಸೆಯೆಲ್ಲ ನಡೆಯುವುದು ಮನೆಯ ಅಡುಗೆಕೋಣೆಯಲ್ಲಿ, ಮಲಗುವ ಕೋಣೆಯಲ್ಲಿ, ಶಾಲೆಯ ಊಟದ ಡಬ್ಬಿಯಲ್ಲಿ. ಅಂಥ ಮನೆಯವರು ಕಷ್ಟಪಟ್ಟು ಕಲಿತಿರುವ, ನೆಂಟರು, ನೆರೆಯವರು, ಮೇಷ್ಟ್ರುಗಳೂ ತಿಳಿದಿರಬೇಕಾದ ಕೆಲವು ಸಂಗತಿಗಳು ಇಲ್ಲಿವೆ.

● ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸುವ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿರುತ್ತವೆ. ಇವೆಲ್ಲ ತಯಾರಾಗುವುದು ತಾಯಿಯ ಹೊಟ್ಟೆಯಲ್ಲೇ, 36ನೇ ವಾರದ ಹೊತ್ತಿಗೆ. ತುಂಬು ತಿಂಗಳಿಗೆ ಹುಟ್ಟಿದ ಮಗುವಿನಲ್ಲಿ ಆಮೇಲೆ ಒಂದೂ ಹೊಸ ನೆಫ್ರಾನ್ ಹುಟ್ಟುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಲ್ಲಿ ಇವುಗಳ ಸಂಖ್ಯೆ ಕಡಿಮೆ. ಅಂಥ ಮಕ್ಕಳು ದೊಡ್ಡವರಾಗುತ್ತಾ ಹೋದಂತೆ ಆಗಾಗ ಬಿ.ಪಿ., ಮೂತ್ರ ಪರೀಕ್ಷೆ ಮಾಡಿಸುತ್ತಿರಬೇಕು.

● ಚಿಕ್ಕ ಮಕ್ಕಳಲ್ಲಿ ಕಿಡ್ನಿ ಸೋಲಲು ಮುಖ್ಯ ಕಾರಣ ಹುಟ್ಟಿನಿಂದಲೇ ಬಂದ ರಚನೆಯ ದೋಷ. ಕಿಡ್ನಿ ಸರಿಯಾಗಿ ಬೆಳೆಯದೆ ಉಳಿದಿರುತ್ತದೆ, ಇಲ್ಲವೇ ಮೂತ್ರದ ದಾರಿಯಲ್ಲಿ ತಡೆ ಇರುತ್ತದೆ, ಇಲ್ಲವೇ ಮೂತ್ರ ಕೆಳಗೆ ಹೋಗುವ ಬದಲು ಮೇಲಕ್ಕೆ ಹಿಮ್ಮುಖವಾಗಿ ಹರಿಯುತ್ತದೆ. ಬಸುರಿನಲ್ಲಿ ತಾಯಿ ತಿಂದದ್ದರಿಂದಾಗಲಿ, ಗ್ರಹಣದ ದಿನ ಹೊರಗೆ ಬಂದದ್ದರಿಂದಾಗಲಿ ಹೀಗಾಗುವುದಿಲ್ಲ. ಆದರೂ ಮಗುವಿನ ಸ್ಕ್ಯಾನಿಂಗ್ ವರದಿ ಬಂದ ದಿನವೇ ಮನೆಯ ಹಿರಿಯರೊಬ್ಬರು ಸೊಸೆಯತ್ತ ಬೆರಳು ತೋರಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಮುಂದೆ ವರ್ಷಗಟ್ಟಲೆ ಮಗುವಿನ ಆರೈಕೆ ಮಾಡಬೇಕಾದವಳು ಅವಳೇ. ಶುರುವಿಗೇ ಅವಳ ಎದೆ ಒಡೆದರೆ ಆ ಮನೆಗೆ ಆಸರೆ ಯಾರು?

● ಗಂಡು ಕೂಸು ಮೂತ್ರ ಮಾಡುವಾಗ ಧಾರೆ ದೂರಕ್ಕೆ ಚಿಮ್ಮದೆ ತೊಟ್ಟು ತೊಟ್ಟಾಗಿ ಬೀಳುತ್ತಿದೆಯೇ? ಮೂತ್ರ ಮಾಡಲು ತಿಣುಕುತ್ತದೆಯೇ? ಅದನ್ನು ಅಜ್ಜಿಯೋ ತಾಯಿಯೋ ಗಮನಿಸಿ ಹೇಳಿದರೆ ಒಂದು ಜೀವ ಉಳಿದೀತು. ಮೂತ್ರನಾಳದಲ್ಲಿ ಪೊರೆಯಂಥ ಕವಾಟ ಬೆಳೆದು ದಾರಿ ಅಡ್ಡಗಟ್ಟುವ ದೋಷ ಗಂಡುಮಕ್ಕಳಲ್ಲಿ ಮಾತ್ರ ಕಾಣುತ್ತದೆ. ಬಸುರಿನ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲೇ ಇದರ ಸುಳಿವು ಸಿಗುವುದುಂಟು. ಅದನ್ನು ದುರ್ಬೀನು ಹಾಕಿ ತೆಗೆಯುತ್ತಾರೆ. ತಡವಾದಷ್ಟೂ ಕಿಡ್ನಿಗೆ ಏಟು ಹೆಚ್ಚು.

● "ಮೂತ್ರ ಚೆನ್ನಾಗಿ ಹೋಗ್ತಾ ಇದೆಯಲ್ಲ, ಕಿಡ್ನಿ ಹೇಗೆ ಕೆಡುತ್ತೆ?" ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹುಟ್ಟಿನಿಂದ ಕಿಡ್ನಿ ದೋಷವಿರುವ ಎಷ್ಟೋ ಮಕ್ಕಳು ಬೇರೆ ಮಕ್ಕಳಿಗಿಂತ ಹೆಚ್ಚೇ ಮೂತ್ರ ಮಾಡುತ್ತವೆ. ನೀರು ಹೋಗುತ್ತದೆ, ಕಲ್ಮಶ ಒಳಗೇ ಉಳಿಯುತ್ತದೆ. ರಾತ್ರಿ ಎದ್ದೆದ್ದು ನೀರು ಕುಡಿಯುವ, ದೊಡ್ಡದಾದರೂ ಹಾಸಿಗೆ ಒದ್ದೆ ಮಾಡುವ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಗುವನ್ನು ಬೈದು ಸುಮ್ಮನಾಗಬೇಡಿ. ಒಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ.

● ಬೆಳಿಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ಊತ, ಸಂಜೆ ಹೊತ್ತಿಗೆ ಅದು ಕಾಲಿಗೆ ಇಳಿದಿರುವುದು, ಮೂತ್ರದಲ್ಲಿ ಸೋಪಿನಂಥ ನೊರೆ: ಇದು ನೆಫ್ರೋಟಿಕ್ ಸಿಂಡ್ರೋಮ್ ಇರಬಹುದು. ಇದನ್ನು ಅಲರ್ಜಿ ಎಂದುಕೊಂಡು ಕಣ್ಣಿಗೆ ಡ್ರಾಪ್ಸ್ ಹಾಕುತ್ತಾ ಕೂರುವವರೇ ಹೆಚ್ಚು. ಸಮಾಧಾನದ ವಿಷಯವೆಂದರೆ ಈ ಮಕ್ಕಳಲ್ಲಿ ಬಹುಪಾಲಿಗೆ ಸ್ಟೆರಾಯ್ಡ್ ಮಾತ್ರೆಗೆ ಗುಣ ಕಾಣುತ್ತದೆ, ಅವರ ಕಿಡ್ನಿ ಸೋಲುವುದಿಲ್ಲ. ಆದರೆ ಕಾಯಿಲೆ ಮತ್ತೆ ಮತ್ತೆ ಮರುಕಳಿಸುತ್ತದೆ. ಅದಕ್ಕಾಗಿ ಈ ಮನೆಗಳಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ ತೋರಿಸುವ ಪಟ್ಟಿ ಅದ್ದಿ, ಬಣ್ಣ ನೋಡಿ, ದಿನಾಂಕದ ಮುಂದೆ "ಇಲ್ಲ", "1+", "3+" ಎಂದು ಬರೆಯುತ್ತಾರೆ. ಮೂರು ದಿನ ಸತತ 3+ ಬಂದರೆ ವೈದ್ಯರಿಗೆ ಫೋನ್. ಓದು ಬರಹ ಅಷ್ಟಾಗಿ ಬಾರದ ತಾಯಂದಿರೂ ಈ ಲೆಕ್ಕವನ್ನು ತಪ್ಪದೆ ಇಡುತ್ತಾರೆ.

● ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಹೊರಹಾಕಬೇಕಾದ ಕ್ರಿಯೇಟಿನೈನ್ ಎಂಬ ಕಲ್ಮಶ 1.0 ಬಂದರೆ ದೊಡ್ಡವರಿಗೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮಗುವಿಗೆ ಹಾಗಲ್ಲ. ಕ್ರಿಯೇಟಿನೈನ್ ಬರುವುದು ಸ್ನಾಯುಗಳಿಂದ. ಮಗುವಿನ ಸ್ನಾಯು ಎಷ್ಟಿದ್ದೀತು? ಅಮೆರಿಕದ ಮಕ್ಕಳ ಕಿಡ್ನಿ ತಜ್ಞ ಜಾರ್ಜ್ ಶ್ವಾರ್ಟ್ಜ್ 1976ರಲ್ಲಿ ಕೊಟ್ಟು, 2009ರಲ್ಲಿ ತಿದ್ದಿದ ಸರಳ ಸೂತ್ರವಿದೆ: ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆದು 0.413ರಿಂದ ಗುಣಿಸಿ, ಕ್ರಿಯೇಟಿನೈನ್‌ನಿಂದ ಭಾಗಿಸಿ. ಒಂದು ಮೀಟರ್ ಎತ್ತರದ ಮಗುವಿಗೆ ಕ್ರಿಯೇಟಿನೈನ್ 1.0 ಇದ್ದರೆ ಉತ್ತರ 41. ಇರಬೇಕಾದದ್ದು 90ಕ್ಕೂ ಹೆಚ್ಚು. ಅಂದರೆ ಕಿಡ್ನಿಯ ಶಕ್ತಿ ಅರ್ಧಕ್ಕಿಂತ ಕೆಳಗೆ ಬಂದಾಗಿದೆ. ಲ್ಯಾಬಿನವರು ದೊಡ್ಡವರ ಅಳತೆಯನ್ನೇ ಪಕ್ಕದಲ್ಲಿ ಅಚ್ಚು ಹಾಕಿ "ನಾರ್ಮಲ್" ಎಂದು ಕೊಟ್ಟಿದ್ದರೆ ಅದನ್ನು ನಂಬಿ ಕೂರಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.

● ಮಕ್ಕಳಿಗೂ ಬಿ.ಪಿ. ನೋಡಬೇಕು, ಮೂರು ವರ್ಷ ತುಂಬಿದ ಮೇಲೆ ವರ್ಷಕ್ಕೊಮ್ಮೆಯಾದರೂ. ಪಟ್ಟಿ ಮಗುವಿನ ತೋಳಿಗೆ ತಕ್ಕ ಅಳತೆಯದೇ ಆಗಿರಬೇಕು.

● ಕಿಡ್ನಿ ದುರ್ಬಲವಾಗಿರುವ ಮಗುವಿಗೆ ಜ್ವರ ಬಂದಾಗ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಹಾಕಬಾರದು. ಅವು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಬಾಟಲಿ ಮೇಲಿನ ಸಣ್ಣ ಅಕ್ಷರ ಓದಿ, ಇಲ್ಲವೇ ಓದಬಲ್ಲವರ ಕೈಲಿ ಓದಿಸಿ. ಇನ್ನೊಂದು ಮಾತು. ಹಳ್ಳಿಗಳಲ್ಲಿ ಹಾವು, ಚೇಳಿನ ವಿಷಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇದೆ. ಅದು ಕಿಡ್ನಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು, ಕ್ಯಾನ್ಸರ್ ತರಬಲ್ಲದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಪುಡಿಯಲ್ಲಿ ಈ ಕುಲದ ಗಿಡ ಸೇರಿಹೋಗಿ ಎಷ್ಟೋ ಮಹಿಳೆಯರ ಕಿಡ್ನಿ ಹೋಯಿತು. "ಗಿಡಮೂಲಿಕೆ ತಾನೇ, ಏನೂ ಆಗಲ್ಲ" ಎಂದು ಹೇಳುವ ಮೊದಲು ಇದು ನೆನಪಿರಲಿ.

● ಇನ್ನು ಅಡುಗೆಕೋಣೆ. ಕಿಡ್ನಿ ಸೋತಾಗ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತದೆ, ಮಿತಿ ಮೀರಿದರೆ ಹೃದಯವನ್ನು ನಿಲ್ಲಿಸುತ್ತದೆ. ಅದಕ್ಕೇ ತರಕಾರಿಯನ್ನು ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ ಎಂದು ಡಯಟೀಷಿಯನ್ ಹೇಳುತ್ತಾರೆ. ನೀರಿಗಿಳಿದ ಪೊಟ್ಯಾಸಿಯಂ ನೀರಿನ ಜೊತೆ ಹೋಗಲಿ ಎಂದು. ಈಗ ನಮ್ಮ ಬಸ್ಸಾರನ್ನು ನೆನೆಸಿಕೊಳ್ಳಿ. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ಬಸಿದ ಕಟ್ಟಿಗೇ ಖಾರ ರುಬ್ಬಿ ಹಾಕಿ ಸಾರು ಮಾಡುತ್ತೇವೆ. ಬೆಂದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಪೊಟ್ಯಾಸಿಯಂ ಬಹಳಷ್ಟು ಸೇರಿರುವುದು ಆ ಸಾರಿನಲ್ಲಿ! ಡಯಾಲಿಸಿಸ್ (ಸೋತ ಕಿಡ್ನಿಯ ಬದಲು ರಕ್ತ ಸೋಸುವ ಚಿಕಿತ್ಸೆ) ನಡೆಯುತ್ತಿರುವ ಮಗುವಿಗೆ ಆ ಸಾರು ಬೇಡ. ಪಲ್ಯ ಎಷ್ಟು ಕೊಡಬಹುದು ಎಂದು ಡಯಟೀಷಿಯನ್ ಹೇಳುತ್ತಾರೆ. ಮಂಡ್ಯ, ಹಾಸನದ ಕಡೆಯ ತಾಯಿಗೆ ಇದನ್ನು ಹೀಗೆ ಬಿಡಿಸಿ ಹೇಳಿದರೆ ಒಂದೇ ಸಲಕ್ಕೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ಪಥ್ಯದ ಪಟ್ಟಿಯಲ್ಲಿ ಬ್ರಾಕೊಲಿ ಇರುತ್ತದೆ, ಬಸ್ಸಾರು ಇರುವುದಿಲ್ಲ. ಆಸ್ಪತ್ರೆಗಳು ನಮ್ಮ ಊಟದ ಹೆಸರುಗಳಲ್ಲೇ ಈ ಪಟ್ಟಿ ಮಾಡಿಕೊಡಬೇಕು.

● ಕಾಯಿಲೆ ಮಗುವನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವುದು ನಮ್ಮ ರೂಢಿ. ಕಿಡ್ನಿ ಸೋತ ಮಗುವಿಗೆ ಅವೆರಡೂ ಅಪಾಯ. ಎರಡರಲ್ಲೂ ಪೊಟ್ಯಾಸಿಯಂ ಹೇರಳ. "ಬಿ.ಪಿ.ಗೆ ಒಳ್ಳೆಯದು" ಎಂದು ಮಾರುವ ಕಡಿಮೆ ಸೋಡಿಯಂನ ಉಪ್ಪೂ ಬೇಡ, ಅದರಲ್ಲಿ ಸೋಡಿಯಂ ಬದಲಿಗೆ ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್.

● ಧಾರೆಹುಳಿ ಗೊತ್ತಲ್ಲ? ಅಡ್ಡಕ್ಕೆ ಕೊಯ್ದರೆ ನಕ್ಷತ್ರ ಕಾಣುವ, ಪೇಟೆಯಲ್ಲಿ ಸ್ಟಾರ್ ಫ್ರೂಟ್ ಎಂದು ಮಾರುವ ಹಣ್ಣು. ಕಿಡ್ನಿ ಸೋತವರಿಗೆ ಇದು ಅಕ್ಷರಶಃ ವಿಷ. ಇದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಸ್ತುವನ್ನು ಆರೋಗ್ಯವಂತ ಕಿಡ್ನಿ ಹೊರಹಾಕುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ, ಅದು ಮಿದುಳಿಗೆ ಏರುತ್ತದೆ. ಬಿಕ್ಕಳಿಕೆಯಿಂದ ಶುರುವಾಗಿ, ಗೊಂದಲ, ಫಿಟ್ಸ್, ಸಾವಿನವರೆಗೂ ಹೋದದ್ದಿದೆ. ಕರಾವಳಿ, ಮಲೆನಾಡಿನ ಹಿತ್ತಲುಗಳಲ್ಲಿ ಮಕ್ಕಳು ಉಪ್ಪು ಹಚ್ಚಿ ತಿನ್ನುವ ಹಣ್ಣಿದು. ಅಂಥ ಊರಿನ ಮಗುವಿಗೂ ಅದರ ಗೆಳೆಯರಿಗೂ ಇದನ್ನು ಹೇಳಿಯೇ ಇಡಬೇಕು.

● ದೊಡ್ಡವರಿಗೆ ಕಿಡ್ನಿ ಕೆಟ್ಟಾಗ ಬೇಳೆ, ಮೊಟ್ಟೆ ಕಡಿಮೆ ಮಾಡಿ ಎನ್ನುತ್ತಾರೆ. ಅದನ್ನೇ ಕೇಳಿಕೊಂಡು ಬಂದವರು ಮಗುವಿಗೂ ಎಲ್ಲ ಬಿಡಿಸಿಬಿಡುತ್ತಾರೆ. ತಪ್ಪು. ಮಗು ಬೆಳೆಯಬೇಕು, ಅದಕ್ಕೆ ವಯಸ್ಸಿಗೆ ತಕ್ಕ ಪ್ರೋಟೀನ್ ಬೇಕೇ ಬೇಕು. ಹೊಟ್ಟೆಯೊಳಗೆ ದ್ರಾವಣ ತುಂಬಿ ಹೊರಬಿಡುವ ಹೊಟ್ಟೆಯ ಡಯಾಲಿಸಿಸ್‌ನಲ್ಲಿರುವ ಮಗುವಿಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಹೊರಬರುವ ನೀರಿನ ಜೊತೆ ದಿನವೂ ಪ್ರೋಟೀನ್ ಹೋಗುತ್ತಿರುತ್ತದೆ.

● ಕಿಡ್ನಿ ಸೋತಾಗ ಮೈಯಲ್ಲೇ ಉಳಿದುಬಿಡುವ ಫಾಸ್ಫೇಟನ್ನು ಊಟದಲ್ಲೇ ಕಟ್ಟಿಹಾಕುವ ಮಾತ್ರೆ ಕೆಲಸ ಮಾಡುವುದು ಊಟದ ಜೊತೆ ತಿಂದರೆ ಮಾತ್ರ. ಬೆಳಿಗ್ಗೆ ಮರೆತದ್ದನ್ನು ಮಧ್ಯಾಹ್ನ ಖಾಲಿ ಹೊಟ್ಟೆಗೆ ಹಾಕಿದರೆ ಉಪಯೋಗವಿಲ್ಲ. ಆದ್ದರಿಂದ ಶಾಲೆಯಲ್ಲಿ ಬಿಸಿಯೂಟಕ್ಕೆ ಕೂತಾಗ ಮಗು ಮಾತ್ರೆ ಅಗಿಯಬೇಕಾಗುತ್ತದೆ. "ಏನೋ ಅದು?" ಎಂದು ಎಲ್ಲರ ಎದುರು ಕೇಳದೆ, ಮೊದಲೇ ತಿಳಿದುಕೊಂಡು ನೆನಪಿಸುವ ಮೇಷ್ಟ್ರು ಸಿಕ್ಕರೆ ಅದು ಆ ಮಗುವಿನ ಭಾಗ್ಯ.

● ಕೋಲಾ, ಸಂಸ್ಕರಿಸಿದ ಚೀಸ್, ಪ್ಯಾಕೆಟ್ ತಿಂಡಿಗಳಿಗೆ ಸೇರಿಸಿರುವ ಫಾಸ್ಫೇಟನ್ನು ದೇಹ ಹೆಚ್ಚುಕಡಿಮೆ ಪೂರ್ತಿ ಹೀರಿಕೊಳ್ಳುತ್ತದೆ. ಕಾಳು ಬೇಳೆಯಲ್ಲಿರುವುದರಲ್ಲಿ ಹೀರಿಕೊಳ್ಳುವುದು ಒಂದು ಪಾಲು ಮಾತ್ರ. ತಾಯಿಯ ಹಾಲಿನಲ್ಲಿ ಹಸುವಿನ ಹಾಲಿಗಿಂತ ಫಾಸ್ಫರಸ್ ಬಹಳ ಕಡಿಮೆ. ಕಿಡ್ನಿ ದೋಷವಿರುವ ಕೂಸಿಗೆ ಎದೆಹಾಲು ಇನ್ನಷ್ಟು ಒಳ್ಳೆಯದು.

● ಮೂತ್ರವೇ ಬಾರದ ಹಂತ ತಲುಪಿದ ಮಗುವಿಗೆ ನೀರಿಗೂ ಅಳತೆ. ಕುಡಿಯುವ ನೀರಷ್ಟೇ ಲೆಕ್ಕಕ್ಕೆ ಎಂದುಕೊಳ್ಳಬೇಡಿ; ಹಾಲು, ಮಜ್ಜಿಗೆ, ಗಂಜಿ, ತಿಳಿಸಾರು, ಐಸ್‌ಕ್ರೀಂ, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದರಲ್ಲೇ ಸೇರಬೇಕು. ಬೆಳಿಗ್ಗೆ ಒಂದು ಬಾಟಲಿಗೆ ಅಳೆದು ತುಂಬಿಟ್ಟರೆ, ಇವತ್ತಿಗೆ ಅಷ್ಟೇ. ಇದಕ್ಕಿಂತ ಕಠಿಣವಾದ ಪಥ್ಯ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಏಪ್ರಿಲ್ ಬಿಸಿಲಿನಲ್ಲಿ ಐದು ವರ್ಷದ ಮಗು ನೀರು ಕೇಳಿದಾಗ ತಾಯಿ "ಬೇಡ" ಅನ್ನಬೇಕು. ಬಾತ್‌ರೂಮಿನ ನಲ್ಲಿಗೆ ಬಾಯಿ ಹಚ್ಚುವ ಮಕ್ಕಳಿದ್ದಾರೆ. ಬಾಯಾರಿಕೆ ತಗ್ಗಿಸುವ ನಿಜವಾದ ದಾರಿ ಉಪ್ಪು ಕಡಿಮೆ ಮಾಡುವುದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಿಪ್ಸ್ ಮನೆಯೊಳಗೇ ಬಾರದಿದ್ದರೆ ಅರ್ಧ ಯುದ್ಧ ಗೆದ್ದಂತೆ. ಮಗುವೊಂದಕ್ಕೇ ಸಪ್ಪೆ ಬಡಿಸಿ ಉಳಿದವರು ಹಪ್ಪಳ ಕರಿದು ತಿನ್ನುವ ಮನೆಯಲ್ಲಿ ಪಥ್ಯ ನಿಲ್ಲುವುದಿಲ್ಲ.

● ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವ ರಕ್ತ ಸುಮಾರು 800 ಮಿಲಿಲೀಟರ್, ಅಷ್ಟೇ. ಯಂತ್ರದ ಡಯಾಲಿಸಿಸ್‌ನಲ್ಲಿ ಒಂದೇ ಹೊತ್ತಿಗೆ ಹೊರಗೆ ಹರಿಯುವ ರಕ್ತ ಅದರ ಹತ್ತನೇ ಒಂದು ಪಾಲನ್ನು ಮೀರಬಾರದು. ಆದ್ದರಿಂದ ಮಕ್ಕಳಿಗೆ ಸಣ್ಣ ಫಿಲ್ಟರ್, ಸಣ್ಣ ಕೊಳವೆ, ಪಳಗಿದ ಕೈ ಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಬಂದಿದೆ, ಅದು ದೊಡ್ಡ ಉಪಕಾರ. ಆದರೆ ಅವು ಹೆಚ್ಚಾಗಿ ದೊಡ್ಡವರಿಗೆಂದು ಸಜ್ಜಾದವು. ಪುಟ್ಟ ಮಗುವನ್ನು ಎತ್ತಿಕೊಂಡು ಬೆಂಗಳೂರಿನ ಸೇಂಟ್ ಜಾನ್ಸ್ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ, ಮಕ್ಕಳ ಕಿಡ್ನಿ ವಿಭಾಗವಿರುವ ಕಡೆಗೇ ಬರಬೇಕಾಗುತ್ತದೆ.

● ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ 2006ರ ಸುಮಾರಿಗೆ ಕಿಡ್ನಿ ಸೋತ ಹಸುಗೂಸೊಂದು ಬಂತು. ಇದ್ದ ಯಾವ ಡಯಾಲಿಸಿಸ್ ಯಂತ್ರವೂ ಅದಕ್ಕೆ ಹೊಂದಲಿಲ್ಲ. ಅಲ್ಲಿನ ವೈದ್ಯ ಮಾಲ್ಕಮ್ ಕೌಲ್ಥಾರ್ಡ್ ತಮ್ಮ ಮನೆಯ ಗ್ಯಾರೇಜಿನಲ್ಲೇ ಒಂದು ಪುಟ್ಟ ಯಂತ್ರ ಕಟ್ಟಿದರು. ಮಗು ಬದುಕಿತು.

● ರೋಗಿಗಳಿಗೆ ಉಪಯೋಗಕ್ಕೆ ಬಂದ ಮೊದಲ ಡಯಾಲಿಸಿಸ್ ಯಂತ್ರವನ್ನು ವಿಲ್ಲೆಮ್ ಕೋಲ್ಫ್ ಕಟ್ಟಿದ್ದು 1943ರಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ, ಸಾಸೇಜ್ ಸುತ್ತುವ ಸೆಲೊಫೇನ್ ಹಾಳೆ ಬಳಸಿ. ಮುಂದೆ 1960ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಯಂತ್ರಗಳು ಕೆಲವೇ ಇದ್ದಾಗ ಯಾರಿಗೆ ಡಯಾಲಿಸಿಸ್ ಕೊಡಬೇಕೆಂದು ಊರಿನ ಜನರದೇ ಒಂದು ಸಮಿತಿ ತೀರ್ಮಾನಿಸುತ್ತಿತ್ತು. ಮಕ್ಕಳನ್ನು ಅದು ಪಟ್ಟಿಗೇ ಸೇರಿಸುತ್ತಿರಲಿಲ್ಲ. ಹಾಗೆ ಬಾಗಿಲು ಮುಚ್ಚಿದ್ದ ಹೈಸ್ಕೂಲು ಹುಡುಗಿಯೊಬ್ಬಳಿಗಾಗಿ ಅಲ್ಲಿನ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಲ್ಬರ್ಟ್ ಬ್ಯಾಬ್ ಮತ್ತು ಸಂಗಡಿಗರು ಕೆಲವೇ ತಿಂಗಳಲ್ಲಿ, ಮನೆಯಲ್ಲೇ ರಾತ್ರಿ ಮಲಗಿರುವಾಗ ನಡೆಯುವ ಯಂತ್ರವೊಂದನ್ನು ಮಾಡಿಕೊಟ್ಟರು. ಅದು 1964. ಇಂದು ಜಗತ್ತಿನಾದ್ಯಂತ ಮನೆಗಳಲ್ಲಿ ಇರುವ ಯಂತ್ರಗಳಿಗೆ ಒಬ್ಬ ಶಾಲಾ ಬಾಲಕಿಗಾಗಿ ಪಟ್ಟ ಪಾಡೇ ಬುನಾದಿ.

● ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ಒಗ್ಗುವುದು ಹೊಟ್ಟೆಯ ಡಯಾಲಿಸಿಸ್. ಸೂಜಿ ಚುಚ್ಚಬೇಕಿಲ್ಲ, ಶಾಲೆ ತಪ್ಪುವುದಿಲ್ಲ, ಕೈಯಲ್ಲೇ ಮಾಡುವ ವಿಧಾನಕ್ಕೆ ಕರೆಂಟೂ ಬೇಡ. ಅದು ನಡೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಮನೆಯಲ್ಲಿ ಏನೇನು ಬದಲಾಗುತ್ತದೆ ಎಂಬುದು ತಿಳಿದೀತು. ಬಾಗಿಲು, ಕಿಟಕಿ ಹಾಕಬೇಕು. ಎಷ್ಟೇ ಸೆಕೆಯಿದ್ದರೂ ಫ್ಯಾನ್ ನಿಲ್ಲಿಸಬೇಕು, ಧೂಳು ಹಾರಬಾರದು. ತಾಯಿ ಬಳೆ, ಉಂಗುರ ತೆಗೆದು, ಕೈಯನ್ನು ಸೋಪು ಹಚ್ಚಿ ತಿಕ್ಕಿ ತೊಳೆದು, ಒರೆಸಿಕೊಂಡು ಬರುತ್ತಾಳೆ. ಅವಳಿಗೂ ಮಗುವಿಗೂ ಮಾಸ್ಕ್. ಬೆಚ್ಚಗೆ ಮಾಡಿದ ದ್ರಾವಣದ ಚೀಲ ಗೋಡೆಯ ಮೊಳೆಗೆ ತೂಗುತ್ತದೆ, ಖಾಲಿ ಚೀಲ ನೆಲದ ಮೇಲೆ. ಹೊಟ್ಟೆಯಿಂದ ಹೊರಬಿಟ್ಟಿರುವ ನಳಿಗೆಯ ಮುಚ್ಚಳ ತೆಗೆದು ಜೋಡಿಸುವ ಆ ಕ್ಷಣದಲ್ಲಿ ಬಾಯಿ ತೆರೆದು ಮಾತಾಡುವಂತಿಲ್ಲ, ಬೆರಳು ತುದಿಗೆ ತಾಕುವಂತಿಲ್ಲ. ಹಳೆಯ ನೀರು ಇಳಿದು ಹೊಸದು ಒಳಗೆ ಹೋಗಲು ಸುಮಾರು ಅರ್ಧ ಗಂಟೆ. ದಿನಕ್ಕೆ ನಾಲ್ಕು ಸಲ, ಹಬ್ಬ ಹುಣ್ಣಿಮೆ ಯಾವುದಕ್ಕೂ ರಜೆಯಿಲ್ಲ. ಇಳಿದ ಚೀಲವನ್ನು ದಿನಪತ್ರಿಕೆಯ ಮೇಲಿಟ್ಟು ನೋಡುತ್ತಾರೆ: ನೀರಿನ ಮೂಲಕ ಅಕ್ಷರ ಓದಲು ಬಂದರೆ ಎಲ್ಲ ಸರಿಯಿದೆ. ಮಂಜಾಗಿ ಅಕ್ಷರ ಕಾಣದಿದ್ದರೆ ಒಳಗೆ ಸೋಂಕು, ಆ ಚೀಲವನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಓಡಬೇಕು. ಎಷ್ಟು ಹೋಯಿತು, ಎಷ್ಟು ಬಂತು ಎಂಬುದು ನೋಟ್‌ಬುಕ್ಕಿಗೆ. ಈ ಕೆಲಸಕ್ಕೆ ಆಸ್ಪತ್ರೆಯಲ್ಲಿ ನರ್ಸುಗಳಿಗೆ ತರಬೇತಿ, ಸಂಬಳ, ಪಾಳಿ ಎಲ್ಲ ಇವೆ. ಮನೆಯಲ್ಲಿ ಅದೇ ಕೆಲಸ ಮಾಡುವ ತಾಯಿಗೆ ಪಾಳಿ ಬದಲಾಯಿಸಲು ಯಾರೂ ಇರುವುದಿಲ್ಲ. ತಂದೆಯೂ ಕಲಿತುಕೊಳ್ಳಬೇಕು. ಅಜ್ಜಿಯೋ ಚಿಕ್ಕಮ್ಮನೋ ಕಲಿತರೆ ಇನ್ನೂ ಒಳ್ಳೆಯದು.

● ಯಂತ್ರದ ಡಯಾಲಿಸಿಸ್ ಆದರೆ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೂ ಸುಮಾರು ನಾಲ್ಕು ಗಂಟೆ, ಮೇಲೆ ಬಸ್ಸಿನ ಹೊತ್ತು. ವಾರದಲ್ಲಿ ಅರ್ಧ ಶಾಲೆ ಹೋಯಿತು, ಜೊತೆಗೆ ಬರುವ ತಂದೆಯ ಕೂಲಿಯೂ ಹೋಯಿತು. ಡಯಾಲಿಸಿಸ್‌ಗೆ ಅಥವಾ ಕಿಡ್ನಿ ಕಸಿಗೆ ರೈಲಿನಲ್ಲಿ ಹೋಗುವ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಸ್ಲೀಪರ್, 3 ಟೈರ್ ಎ.ಸಿ. ದರ್ಜೆಗಳಲ್ಲಿ ಶೇ. 75ರಷ್ಟು ರಿಯಾಯಿತಿ ಇದೆ. ಆಸ್ಪತ್ರೆಯವರಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬರೆಸಿಕೊಂಡು ಹೋಗಬೇಕು. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ.

● 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಥಲಸ್ಸೀಮಿಯಾ, ಹಿಮೋಫಿಲಿಯಾ ಅದರಲ್ಲಿವೆ. ಕಿಡ್ನಿ ವೈಫಲ್ಯ ಇಲ್ಲ. ವಾರಕ್ಕೆ ಮೂರು ದಿನ ಯಂತ್ರಕ್ಕೆ ಕಟ್ಟಿಬಿದ್ದ ಮಗುವನ್ನು ಆ ಪಟ್ಟಿಯಿಂದ ಹೊರಗಿಟ್ಟಿರುವುದು ಅನ್ಯಾಯ.

● ಯಂತ್ರದ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುವ ಕೈಯಲ್ಲಿ ಬಿ.ಪಿ. ನೋಡಬಾರದು, ರಕ್ತ ತೆಗೆಯಬಾರದು, ಬಿಗಿ ಬಳೆ ಹಾಕಬಾರದು, ಆ ಕೈಯಲ್ಲಿ ಭಾರದ ಬ್ಯಾಗು ಹಿಡಿಸಬಾರದು. ಅದರ ಮೇಲೆ ಬೆರಳಿಟ್ಟರೆ ಝುಮ್ಮೆಂದು ಮಿಡಿಯುವುದು ತಿಳಿಯುತ್ತದೆ. ದಿನಾ ಬೆಳಿಗ್ಗೆ ಮಗುವೇ ಮುಟ್ಟಿ ನೋಡಿಕೊಳ್ಳಲು ಕಲಿಯಬೇಕು. ಮಿಡಿತ ನಿಂತಿದ್ದರೆ ಆವತ್ತೇ ಆಸ್ಪತ್ರೆಗೆ.

● ಕಿಡ್ನಿ ಸೋಲುವುದು ಅಂಟುರೋಗವಲ್ಲ. ಪಕ್ಕದಲ್ಲಿ ಕೂರಬಹುದು, ಜೊತೆಗೆ ಆಡಬಹುದು. ಕಿಡ್ನಿ ಕಾಯಿಲೆಯ ಮಗು ಕುಳ್ಳಗಿರುವುದರಿಂದ ಹತ್ತು ವರ್ಷದವಳನ್ನು ಆರರವಳಂತೆ ಮುದ್ದಿಸುತ್ತಾರೆ, ಮಾತಾಡಿಸುತ್ತಾರೆ. ಆ ಮಕ್ಕಳಿಗೆ ಅದರಷ್ಟು ನೋವು ಕೊಡುವುದು ಬೇರೆ ಇಲ್ಲ. ಅವಳ ವಯಸ್ಸಿಗೆ ತಕ್ಕಂತೆ ಮಾತಾಡಿಸಿ. ಬೆಳವಣಿಗೆಗೆ ಹಾರ್ಮೋನ್ ಚುಚ್ಚುಮದ್ದು ಇದೆ, ದುಬಾರಿ. ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಚುಚ್ಚುಮದ್ದು 1989ರಿಂದ ಬಳಕೆಯಲ್ಲಿದೆ. ಅದಕ್ಕೂ ಮುಂಚೆ ಈ ಮಕ್ಕಳಿಗೆ ಪದೇ ಪದೇ ರಕ್ತ ಏರಿಸುವುದೊಂದೇ ದಾರಿಯಾಗಿತ್ತು. ಈಗಲೂ ತೀರಾ ಅನಿವಾರ್ಯವಲ್ಲದೆ ರಕ್ತ ಹಾಕಿಸಬಾರದು. ಬೇರೆಯವರ ರಕ್ತ ಸೇರಿದಾಗ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಮುಂದೆ ಕಸಿಗೆ ತೊಡಕಾಗುತ್ತವೆ.

● ಅಣ್ಣನಿಗೆ ಕಾಯಿಲೆ ಅಂದ ದಿನದಿಂದ ತಂಗಿ ಬೇಗ ದೊಡ್ಡವಳಾಗಿಬಿಡುತ್ತಾಳೆ. ಅಮ್ಮ ಆಸ್ಪತ್ರೆಯಲ್ಲಿ, ಅವಳು ಅತ್ತೆಯ ಮನೆಯಲ್ಲೋ ಪಕ್ಕದ ಮನೆಯಲ್ಲೋ. ತನಗೆ ಹಲ್ಲುನೋವು ಎಂದು ಹೇಳಲೂ ಹಿಂಜರಿಯುತ್ತಾಳೆ. ಕಾಯಿಲೆ ಮಗುವನ್ನು ನೋಡಲು ಹೋದವರು ಈ ಇನ್ನೊಂದು ಮಗುವನ್ನೂ ಹತ್ತಿರ ಕೂರಿಸಿಕೊಂಡು ಮಾತಾಡಿಸಬೇಕು. ಅವಳ ಲಸಿಕೆಗಳೂ ಬಾಕಿ ಇರಬಾರದು. ಕಸಿಯಾದ ಮಗುವಿಗೆ ಮನೆಯಿಂದಲೇ ಸೋಂಕು ತಗುಲಬಾರದಲ್ಲ?

● ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಮುಂತಾದ ಜೀವಂತ ಲಸಿಕೆಗಳನ್ನು ಕಸಿಗೆ ಮೊದಲೇ ಕೊಡಿಸಿ ಮುಗಿಸಬೇಕು. ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ.

● ಅಪ್ಪ ಅಥವಾ ಅಮ್ಮನ ಅಂಗಾಂಶ ಮಗುವಿಗೆ ಯಾವಾಗಲೂ ಅರ್ಧ ಹೊಂದುತ್ತದೆ, ಏಕೆಂದರೆ ಮಗುವಿನಲ್ಲಿ ಅರ್ಧ ಅವರದ್ದೇ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾದ ಮೇಲೆ ಅಜ್ಜ ಅಜ್ಜಿಯರೂ ಹತ್ತಿರದ ಸಂಬಂಧಿಗಳ ಪಟ್ಟಿಗೆ ಸೇರಿದ್ದಾರೆ. ಆರೋಗ್ಯವಾಗಿರುವ ಅಜ್ಜಿ ಕೊಡಬಹುದು. ಎರಡು ಮನೆಗಳವರ ರಕ್ತದ ಗುಂಪು ಅದಲುಬದಲಾಗಿ ಹೊಂದಿದರೆ ಪರಸ್ಪರ ವಿನಿಮಯಕ್ಕೂ ಅದೇ ತಿದ್ದುಪಡಿ ದಾರಿ ಮಾಡಿತು. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಹುಡುಗನಿಗೆ ಆಸ್ತಿ ಮಾರಿಯಾದರೂ ಕಸಿ ಮಾಡಿಸುವ ಮನೆ ಹುಡುಗಿಗೂ ಅಷ್ಟೇ ಗಟ್ಟಿಯಾಗಿ ನಿಲ್ಲಬೇಕು. "ಮುಂದೆ ಅವಳ ಮದುವೆ?" ಎಂದು ಚಿಂತಿಸುವವರಿಗೆ: ಕಸಿಯಾದ ಮಹಿಳೆಯೊಬ್ಬರು ಅಮೆರಿಕದಲ್ಲಿ ತಾಯಿಯಾದದ್ದು 1958ರಲ್ಲೇ.

● ದೊಡ್ಡವರ ಕಿಡ್ನಿಯನ್ನು ಹತ್ತು ಕಿಲೋ ತೂಕದ ಮಗುವಿಗೂ ಜೋಡಿಸಬಹುದು. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ಇದ್ದಲ್ಲೇ ಬಿಡುತ್ತಾರೆ, ಹೊಸದು ಹೊಟ್ಟೆಯ ಕೆಳಭಾಗದಲ್ಲಿ ಕೂರುತ್ತದೆ. ಆಮೇಲೆ ಎಲ್ಲ ತಲೆಕೆಳಗು! ಅಷ್ಟು ದೊಡ್ಡ ಕಿಡ್ನಿಗೆ ರಕ್ತ ಸಾಲಬೇಕಲ್ಲ, ನಿನ್ನೆಯವರೆಗೆ ಗುಟುಕು ಲೆಕ್ಕದಲ್ಲಿ ನೀರು ಕುಡಿಯುತ್ತಿದ್ದ ಮಗು ಇವತ್ತಿನಿಂದ ದಿನಕ್ಕೆ ಎರಡು ಲೀಟರಿಗೂ ಹೆಚ್ಚು ಕುಡಿಯಬೇಕು. "ಬೇಡ" ಎನ್ನುತ್ತಿದ್ದ ತಾಯಿ ಈಗ "ಇನ್ನೊಂದು ಲೋಟ, ಕಂದ" ಎಂದು ಹಿಂದೆ ಹಿಂದೆ ಓಡುತ್ತಾಳೆ.

● ಕಸಿಯಾದ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ಕಾಯುವ ಟ್ಯಾಕ್ರೊಲಿಮಸ್ ಸಿಕ್ಕಿದ್ದು ಜಪಾನಿನ ತ್ಸುಕುಬಾದ ಮಣ್ಣಿನ ಒಂದು ಸೂಕ್ಷ್ಮಜೀವಿಯಲ್ಲಿ, 1984ರಲ್ಲಿ. ಹನ್ನೆರಡು ಗಂಟೆಗೊಮ್ಮೆ, ಗಡಿಯಾರ ನೋಡಿಕೊಂಡು ನುಂಗಬೇಕಾದ ಮಾತ್ರೆ. ಇದಕ್ಕೆ ನಮ್ಮ ಚಕ್ಕೋತ ಆಗಿಬರುವುದಿಲ್ಲ. ಚಕ್ಕೋತ ತಿಂದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ಕಿಡ್ನಿಗೇ ವಿಷವಾಗಬಹುದು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ರುಚಿಯೂ ಸೊಗಸು. ಈ ಮಗುವಿಗೆ ಮಾತ್ರ ಬೇಡ.

● ಕಸಿಯಾದ ಕಿಡ್ನಿ ಹೆಚ್ಚಾಗಿ ಕೈತಪ್ಪುವುದು ಹದಿಹರೆಯದ ಕೊನೆಗೆ, ಇಪ್ಪತ್ತರ ಆಸುಪಾಸಿನಲ್ಲಿ. ಮೈ ಚೆನ್ನಾಗಿದೆ, ಗೆಳೆಯರ ಮುಂದೆ ಮಾತ್ರೆ ನುಂಗಲು ನಾಚಿಕೆ, ಹಾಸ್ಟೆಲ್ಲಿನಲ್ಲಿ ನೆನಪಿಸುವವರಿಲ್ಲ. ಎಂಟು ಹತ್ತು ವರ್ಷದಿಂದಲೇ ತನ್ನ ಮಾತ್ರೆಯ ಹೆಸರು, ಹೊತ್ತು ಮಗುವಿನ ಬಾಯಲ್ಲೇ ಬರುವಂತೆ ಮಾಡಿದರೆ ಮುಂದೆ ಕಷ್ಟವಿಲ್ಲ.

● ಒಮ್ಮೆ ಕಸಿಯಾದರೆ ಜೀವನಪೂರ್ತಿಗೆ ಸಾಕಾಗುವುದಿಲ್ಲ. "ಮಾಡರ್ನ್ ಫ್ಯಾಮಿಲಿ" ಧಾರಾವಾಹಿಯ ನಟಿ ಸಾರಾ ಹೈಲ್ಯಾಂಡ್‌ಗೆ ಹುಟ್ಟಿನಿಂದ ಕಿಡ್ನಿ ದೋಷ. 2012ರಲ್ಲಿ ತಂದೆ ಕೊಟ್ಟರು. ಅದು ಸೋತಾಗ 2017ರಲ್ಲಿ ತಮ್ಮ ಕೊಟ್ಟ. ಎರಡನೆಯ ಸಲಕ್ಕೆ ಮನೆಯಲ್ಲಿ ಕೊಡುವವರು ಉಳಿದಿರದ ಮಕ್ಕಳೇ ಹೆಚ್ಚು. ಅವರು ಕಾಯುವುದು ಮಿದುಳು ಸತ್ತ ಅಪರಿಚಿತರೊಬ್ಬರ ಮನೆಯವರ ಒಪ್ಪಿಗೆಗಾಗಿ.

● ಕರ್ನಾಟಕದಲ್ಲಿ ಮಿದುಳು ಸತ್ತವರ ಅಂಗದಾನವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆ. ನೀವು ಅಲ್ಲಿ ಹೆಸರು ನೋಂದಾಯಿಸಿದ್ದರೂ ಕೊನೆಯ ಘಳಿಗೆಯಲ್ಲಿ ಸಹಿ ಹಾಕಬೇಕಾದವರು ನಿಮ್ಮ ಮನೆಯವರು. ಆದ್ದರಿಂದ ಇಂದು ರಾತ್ರಿ ಊಟಕ್ಕೆ ಕೂತಾಗ ಅವರಿಗೆ ನಿಮ್ಮ ಇಚ್ಛೆಯನ್ನು ಬಾಯಿಬಿಟ್ಟು ಹೇಳಿ. ನಿಮ್ಮ ಬೀದಿಯಲ್ಲಿ ಇಂಥ ಮಗುವಿನ ಮನೆಯಿದ್ದರೆ ಎಳನೀರಿನ ಬದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಿ; ಆ ತಾಯಿ ಎರಡು ಗಂಟೆ ಮಲಗಲಿ.